ಗೋದಾಮಿನಲ್ಲಿ ಒಂದು ತೂಕ ಬಾಕಿ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದಿನಾ ಬೆಳಿಗ್ಗೆ ನಾನೇ ಬೀಗ ತೆಗೆದ ಬಾಗಿಲಲ್ಲಿ ನಿಂತು, "ನೀವು ಮೆಂಬರಾ?" ಎಂದು ಕೇಳಿಸಿಕೊಂಡೆ. ಕೇಳಿದ್ದು ಫಿಲಿಪ್ಪೀನ್ಸಿನ ಒಬ್ಬ ಹುಡುಗಿ. ಅವಳದ್ದೇನೂ ತಪ್ಪಿಲ್ಲ, ಪಾಪ, ನಗುತ್ತಲೇ ಕೇಳಿದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಬಾಗಿಲು ಅದೇ ಬಾಗಿಲು. ಚಳಿಗಾಲದ ತೇವಕ್ಕೆ ಉಬ್ಬಿಕೊಂಡರೆ ಹೆಗಲು ಕೊಟ್ಟು ತಳ್ಳದೆ ತೆರೆಯದ ಆ ತೇಗದ ಬಾಗಿಲಿಗೆ ಈಗ ಎಣ್ಣೆ ಕುಡಿಸಿ, ಹಿತ್ತಾಳೆಯ ಹಿಡಿ ಹಾಕಿ, ಒಂದು ಬೆರಳಲ್ಲಿ ತೆರೆಯುವ ಹಾಗೆ ಮಾಡಿದ್ದಾರೆ. ಪಕ್ಕದಲ್ಲಿ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಬರೆದ ಫಲಕ. ಇದು ಐತಿಹಾಸಿಕ ಗೋದಾಮು, ಈಗ ಸೋಷಿಯಲ್ ಕ್ಲಬ್ ಎಂದು ಅದರಲ್ಲಿ ಬರೆದಿತ್ತು.

ಸೋಷಿಯಲ್ ಕ್ಲಬ್ ಅಂದರೆ ಏನು ಎಂದು ನನಗೆ ಮೊದಲು ಅರ್ಥವಾಗಿರಲಿಲ್ಲ. ಆಮೇಲೆ ಅರ್ಥವಾಯಿತು. ಜನ ಹಣ ಕೊಟ್ಟು ಸದಸ್ಯರಾಗುತ್ತಾರೆ, ಒಳಗೆ ಬಂದು ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಲ್ಯಾಪ್‌ಟಾಪ್ ನೋಡುತ್ತಾರೆ, ಒಬ್ಬರೊಬ್ಬರ ಪರಿಚಯ ಮಾಡಿಕೊಳ್ಳುತ್ತಾರೆ. ನಾವೂ ಅಲ್ಲಿ ಕೂತಿದ್ದೆವು. ಅಕ್ಕಿ ಮೂಟೆಯ ಮೇಲೆ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ ಊರಿನ ಸುದ್ದಿ ಮಾತಾಡಿದ್ದೆವು. ಹಾಗೆ ಕೂತದ್ದಕ್ಕೆ ಬೈಸಿಕೊಂಡಿದ್ದೆವು. ಅದೇ ಕೂರುವಿಕೆಗೆ ಈಗ ಕಾರ್ಡು ಬೇಕು.

ಇಲ್ಲಿ ಗಲ್ಫಿನಲ್ಲಿ, ಮುಹರ್ರಕ್‌ನ ಹಳೇ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿರುವ ಆ ಕಟ್ಟಡ ನಾನು ಕೆಲಸಕ್ಕೆ ಸೇರುವಾಗಲೇ ಮುದುಕ. ಹವಳದ ಕಲ್ಲಿನ ದಪ್ಪ ಗೋಡೆ, ಕಾಂಡ್ಲಾ ಮರದ ಕಂಬಗಳ ಮಾಡು, ನೆಲಕ್ಕೆ ಸಿಮೆಂಟು. ಒಳಗೆ ಅಕ್ಕಿ, ಸಕ್ಕರೆ, ಏಲಕ್ಕಿ, ಒಣನಿಂಬೆ. ಯಜಮಾನರನ್ನು ಎಲ್ಲರ ಹಾಗೆ ನಾವೂ ಅರಬಾಬ್ ಎಂದೇ ಕರೆಯುತ್ತಿದ್ದೆವು. ಕುಂದಾಪುರದ ಕಡೆಯಿಂದ ಬಂದ ನಾನು ಅಲ್ಲಿ ಗುಮಾಸ್ತ. ತೂಕದ ಕೆಲಸಕ್ಕೆ ಮೂಲ್ಕಿಯ ಕಡೆಯವರೊಬ್ಬರಿದ್ದರು. ನನಗಿಂತ ಸುಮಾರು ಹತ್ತು ವರ್ಷ ದೊಡ್ಡವರು, ಮನೆಮಾತು ತುಳು, ನನ್ನ ಹತ್ತಿರ ಮಾತ್ರ ಕನ್ನಡ. ಗೋದಾಮಿನಲ್ಲಿ ಊರಿನವರೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಈ ಬರಹದಲ್ಲೂ ಅವರು ಅಣ್ಣನೇ.

ಅಣ್ಣನ ಯಂತ್ರ ಬಾಗಿಲಿನಿಂದ ಒಳಗೆ ಬಲಕ್ಕೆ ಇತ್ತು. ಎರಡು ಮೂಟೆ ಇಡುವಷ್ಟು ಅಗಲದ ಕಬ್ಬಿಣದ ಹಲಗೆ, ಅದರ ತಲೆಯ ಕಡೆ ಒಂದು ಕಂಬ, ಕಂಬದ ನೆತ್ತಿಯಲ್ಲಿ ಅಡ್ಡ ಸಲಾಕೆ, ಸಲಾಕೆಯ ಮೇಲೆ ಆಚೀಚೆ ಜಾರಿಸುವ ಹಿತ್ತಾಳೆ ಗುಂಡು. ಗುಂಡನ್ನು ಸರಿಯಾದ ಜಾಗಕ್ಕೆ ತಂದರೆ ಸಲಾಕೆ ಅಲ್ಲಾಡುತ್ತ ಅಲ್ಲಾಡುತ್ತ ಸಮಕ್ಕೆ ನಿಲ್ಲುತ್ತಿತ್ತು. ಆಗ ಅಣ್ಣ ತೂಕವನ್ನು ಅರಬ್ಬಿಯಲ್ಲಿ ಕೂಗುತ್ತಿದ್ದರು, ದೂರದಲ್ಲಿ ಕೂತ ಅರಬಾಬರಿಗೂ ಕೇಳಬೇಕಲ್ಲ. ನಾನು ಅದನ್ನೇ ತಿರುಗಿ ಕೂಗಬೇಕು. ನಾನು ತಿರುಗಿ ಕೂಗುವ ತನಕ ಮೂಟೆ ಹಲಗೆಯಿಂದ ಇಳಿಯುವಂತಿಲ್ಲ. ಅದು ಗೋದಾಮಿನ ಕಾನೂನು. ಒಬ್ಬ ಹೇಳಿದರೆ ಅದು ಮಾತು, ಇಬ್ಬರು ಹೇಳಿದರೆ ತೂಕ ಎಂದು ಅರಬಾಬರ ತಂದೆಯ ಕಾಲದಿಂದ ನಡೆದುಬಂದಿತ್ತಂತೆ. ದಿನಕ್ಕೆ ನೂರಾರು ಸಲ ನಾವಿಬ್ಬರೂ ಹೀಗೆ ಕೂಗಾಡುತ್ತಿದ್ದೆವು. ಮನೆಗೆ ಹೋದರೂ ನನ್ನ ಹೆಂಡತಿ ಏನಾದರೂ ಹೇಳಿದರೆ ಅದನ್ನೇ ತಿರುಗಿ ಹೇಳುತ್ತೇನೆ ಎಂದು ಅವಳು ಗದರಿಸುತ್ತಿದ್ದಳು.

ಮೂಟೆಗಳ ಜೊತೆ ನಮ್ಮನ್ನೂ ತೂಗುವ ಒಂದು ರೂಢಿ ಇತ್ತು. ಯಾರು ರಜೆಯ ಮೇಲೆ ಊರಿಗೆ ಹೊರಟರೂ ಹಿಂದಿನ ದಿನ ಹಲಗೆ ಹತ್ತಬೇಕು. ವಾಪಸು ಬಂದ ದಿನ ಮತ್ತೆ ಹತ್ತಬೇಕು. ಎರಡೂ ತೂಕವನ್ನು ಅಣ್ಣ ಇದ್ದಿಲಿನಿಂದ ಯಂತ್ರದ ಹಿಂದಿನ ಗೋಡೆಯ ಮೇಲೆ ಬರೆಯುತ್ತಿದ್ದರು. ತೂಕ ಏರಿದರೆ ಊರಿನಲ್ಲಿ ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಲೆಕ್ಕ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇಳಿದರೆ ಗೇಲಿ. ಹೆಂಡತಿ ಅನ್ನ ಹಾಕಲಿಲ್ಲವಾ, ಮಾವನ ಮನೆಯಲ್ಲಿ ಬರೇ ನೀರು ಕೊಟ್ಟರಾ ಎಂದು ವಾರಗಟ್ಟಲೆ ಕಾಡಿಸುತ್ತಿದ್ದರು. ಅದಕ್ಕೆ ನಾವು ತುಲಾಭಾರ ಎಂದು ಹೆಸರಿಟ್ಟಿದ್ದೆವು. ಊರಿನ ದೇವಸ್ಥಾನದಲ್ಲಿ ತೆಂಗಿನಕಾಯಿಗೆ ತೂಗುತ್ತಾರೆ, ಇಲ್ಲಿ ಮನೆಯವರ ಮಾನಕ್ಕೆ ತೂಗುತ್ತಾರೆ ಎಂದು ಅಣ್ಣ ನಗುತ್ತಿದ್ದರು. ಮೋಸವೂ ನಡೆಯುತ್ತಿತ್ತು. ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಬಂದವರಿದ್ದರು. ಪ್ಯಾಂಟಿನ ಜೇಬಿನಲ್ಲಿ ತೂಕದ ಕಲ್ಲುಗಳನ್ನೇ ಇಟ್ಟುಕೊಂಡು ಹಲಗೆ ಹತ್ತಿದ ಒಬ್ಬ ಮಹಾನುಭಾವನ ಪ್ಯಾಂಟು ಅಲ್ಲೇ ಜಾರಿಹೋಗಿತ್ತು.

ಅಣ್ಣನನ್ನು ತೂಗುವುದು ಮಾತ್ರ ಅರಬಾಬರೇ. ತೂಗುವವನು ತನ್ನನ್ನು ತಾನೇ ತೂಗಿಕೊಳ್ಳಬಾರದು ಎಂದು ಅವರ ಹಟ. ತಮ್ಮ ಕುರ್ಚಿಯಿಂದ ಎದ್ದು, ಉದ್ದನೆಯ ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬಂದು ಗುಂಡು ಸರಿಸುತ್ತಿದ್ದರು. ಒಂದು ವರ್ಷ ಅಣ್ಣ ತೀರಿಹೋದ ತಾಯಿಯ ಬೊಜ್ಜ ಮುಗಿಸಿಕೊಂಡು ಬಂದರು. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಜೋಲುತ್ತಿತ್ತು. ಆವತ್ತು ತೂಕ ಬೇಡ ಎಂದು ನಮಗೆಲ್ಲ ಅನ್ನಿಸಿತ್ತು. ಆದರೆ ಅಣ್ಣ ತಾವಾಗಿಯೇ ಹೋಗಿ ಹಲಗೆಯ ಮೇಲೆ ನಿಂತರು, ಎಂದಿನಂತೆ ಬಾಗಿಲ ಕಡೆ ಮುಖ ಮಾಡಿ. ಅರಬಾಬರು ಬಂದು ಗುಂಡು ಸರಿಸಿದರು. ನಾನು ಎದುರಿಗೇ ಇದ್ದೆ. ನಿಲುವಂಗಿಯ ಅಂಚಿನ ಕೆಳಗೆ ಅವರ ಬಲಗಾಲು ಮೆಲ್ಲಗೆ ಹಲಗೆಯ ಮೂಲೆಗೆ ಏರಿದ್ದನ್ನು ನೋಡಿದೆ. ಸಲಾಕೆ ಎದ್ದಿತು. ಊರಿಗೆ ಹೋಗುವಾಗ ಇದ್ದದ್ದಕ್ಕಿಂತ ಒಂದು ಕಿಲೋ ಹೆಚ್ಚಿನ ತೂಕವನ್ನು ಅರಬಾಬರು ಕೂಗಿದರು. ನನ್ನ ಕಡೆ ನೋಡಿದರು. ನಾನು ತಿರುಗಿ ಕೂಗಿದೆ. ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿರಲಿಲ್ಲ ಎಂದು ಕಾಣುತ್ತದೆ.

ಅರಬಾಬರು ತೀರಿಕೊಂಡ ಮೇಲೆ ಗೋದಾಮು ಮುಚ್ಚಿತು. ಮಕ್ಕಳು ದಾಸ್ತಾನನ್ನೆಲ್ಲ ಟುಬ್ಲಿಯ ತಗಡಿನ ಶೆಡ್ಡಿಗೆ ಸಾಗಿಸಿದರು. ಅಲ್ಲಿ ಫೋರ್ಕ್‌ಲಿಫ್ಟ್, ಬಾರ್‌ಕೋಡ್, ನೆಲಕ್ಕೇ ಕೂರಿಸಿದ ಕರೆಂಟಿನ ತೂಕ. ಅದು ತಾನೇ ತೂಗಿ ತಾನೇ ಕಂಪ್ಯೂಟರಿಗೆ ಹೇಳಿಬಿಡುತ್ತದೆ. ಕೂಗುವವನೂ ಬೇಡ, ತಿರುಗಿ ಕೂಗುವವನೂ ಬೇಡ. ನಾನು ಹೇಗೋ ಕಂಪ್ಯೂಟರ್ ಕಲಿತು ಬಚಾವಾದೆ. ಅಣ್ಣನನ್ನು ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ಪಕ್ಕದ ಗ್ಯಾರೇಜುಗಳ ಸದ್ದಿನ ನಡುವೆ ಸ್ಟೂಲಿನ ಮೇಲೆ ಕೂತು ಚೀಟಿ ಅಂಟಿಸುತ್ತಿದ್ದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಹಿಡಿಯಿತು. ಜೀವಮಾನವಿಡೀ ಸಕ್ಕರೆ ಮೂಟೆ ತೂಗಿದ್ದಕ್ಕೆ ಬಡ್ಡಿ ಬಂತು ಮಾರಾಯ್ರೆ ಎಂದು ಅವರೇ ತಮಾಷೆ ಮಾಡಿದರು. ತಮಾಷೆ ಮಾಡುತ್ತ ಮಾಡುತ್ತ ಕಣ್ಣೆದುರೇ ಸಣಕಲಾದರು.

ಕೊನೆಗೆ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೇ ಹೋಗುವುದು ಎಂದು ತೀರ್ಮಾನವಾಯಿತು. ಟಿಕೆಟ್ ಆದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ಕೇಳಿದರು. "ಮುಹರ್ರಕ್‌ನ ಗೋದಾಮಲ್ಲಿ ನಮ್ಮ ಯಂತ್ರ ಇನ್ನೂ ಉಂಟಂತೆ, ಹೌದಾ?"

"ಉಂಟಂತೆ. ಪಾಲಿಶ್ ಹಾಕಿ ಇಟ್ಟಿದ್ದಾರಂತೆ. ಪೇಪರಲ್ಲಿ ಫೋಟೋ ಬಂದಿತ್ತು."

"ಹೋಗುವ ಮೊದಲು ಒಮ್ಮೆ ಹತ್ತಬೇಕಿತ್ತು ಮಾರಾಯ್ರೆ. ಪ್ರತಿ ಸಲ ಹತ್ತಿಯೇ ಹೋದದ್ದಲ್ವಾ? ಈ ಸಲ ಮಾತ್ರ ಯಾಕೆ ಬಿಡುದು?"

ನಾನು ತಿಳಿಯದೆ ಒಂದು ದಡ್ಡ ಮಾತಾಡಿದೆ. "ಆಸ್ಪತ್ರೆಯಲ್ಲಿ ವಾರವಾರ ತೂಕ ನೋಡ್ತಾರಲ್ಲ ಅಣ್ಣ."

"ಅದು ರೋಗಿಯ ತೂಕ," ಎಂದರು ಅಣ್ಣ. ಅನ್ನ ಕಲಸುತ್ತ ಮತ್ತೆ ಹೇಳಿದರು. "ಬಂದ ದಿನ ಅರಬಾಬರು ನನ್ನನ್ನು ಹಲಗೆ ಹತ್ತಿಸಿದ್ದರು. ಐವತ್ನಾಲ್ಕು ಕಿಲೋ ಇದ್ದೆ. ಇಷ್ಟು ವರ್ಷ ಇಲ್ಲಿ ಅನ್ನ ತಿಂದು, ಬಂದದ್ದಕ್ಕಿಂತ ಕಮ್ಮಿಯಾಗಿ ಹೋಗಬಾರದು. ಅದೊಂದು ನೋಡ್ಕೊಳ್ಬೇಕು, ಅಷ್ಟೇ."

ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಬೀಳ್ಕೊಡುಗೆ ಬೇಡ, ಶಾಲು ಬೇಡ, ಹಾರ ಬೇಡ. ಹಳೇ ಯಂತ್ರದ ಮೇಲೆ ಒಮ್ಮೆ ನಿಲ್ಲಬೇಕು. ನಾನು ಅದೇನು ಮಹಾ, ನಾಳೆಯೇ ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟೆ. ಹೀಗೆ, ಮೊದಲು ಕೇಳಿಕೊಂಡು ಬರೋಣವೆಂದು ನಾನೊಬ್ಬನೇ ಆ ಬಾಗಿಲಿಗೆ ಹೋಗಿ, ಮೆಂಬರಾ ಎಂದು ಕೇಳಿಸಿಕೊಂಡದ್ದು.

ಆ ಹುಡುಗಿ ಮ್ಯಾನೇಜರನ್ನು ಕರೆದಳು. ಬಂದವನು ನಮ್ಮ ಬೆಂಗಳೂರಿನವನು! ಕನ್ನಡ ಕೇಳಿ ನನಗೆ ಜೀವ ಬಂದಂತಾಯಿತು. ಆ ಸಂತೋಷ ಒಂದು ಗಳಿಗೆಯೂ ಉಳಿಯಲಿಲ್ಲ.

"ಅರ್ಥ ಆಗತ್ತೆ ಸರ್," ಎಂದ. "ಬಟ್ ಅದು ಈಗ ಡಿಸ್‌ಪ್ಲೇ ಪೀಸ್ ಸರ್. ಮೆಂಬರ್ಸ್‌ಗೂ ಮುಟ್ಟೋಕೆ ಬಿಡಲ್ಲ. ನೀವು ಒಂದು ಈಮೇಲ್ ಹಾಕ್ಬಿಡಿ, ನಾನು ಮ್ಯಾನೇಜ್‌ಮೆಂಟ್‌ಗೆ ಫಾರ್ವರ್ಡ್ ಮಾಡ್ತೀನಿ."

"ಒಬ್ಬರು ಅದರ ಮೇಲೆ ನಿಲ್ಲಲಿಕ್ಕೆ ಈಮೇಲ್ ಯಾಕೆ? ಬರ್ತಾರೆ, ನಿಲ್ತಾರೆ, ಹೋಗ್ತಾರೆ. ಕಾಫಿಯನ್ನೂ ಕೇಳುವುದಿಲ್ಲ."

"ಪಾಲಿಸಿ ಸರ್. ಪ್ಲೀಸ್ ಟ್ರೈ ಟು ಅಂಡರ್‌ಸ್ಟ್ಯಾಂಡ್."

ಪಾಲಿಸಿ ಎಂಬ ಪದವನ್ನು ಕಂಡುಹಿಡಿದವನು ಎದುರಿಗೆ ಸಿಕ್ಕಿದರೆ ಎರಡು ಬಿಗಿಯುತ್ತೇನೆ. ಅವನ ಭುಜದಾಚೆ ನನಗೆ ಒಳಗೆಲ್ಲ ಕಾಣುತ್ತಿತ್ತು. ಅಕ್ಕಿ ಇದ್ದ ಕಡೆ ಸೋಫಾ, ಏಲಕ್ಕಿ ಇದ್ದ ಕಡೆ ಪುಸ್ತಕದ ಕಪಾಟು. ಅಲಂಕಾರಕ್ಕೆಂದು ನಾಲ್ಕು ಗೋಣಿಚೀಲ ಜೋಡಿಸಿದ್ದರು, ಒಳಗೆ ಅಕ್ಕಿಯಲ್ಲ, ಸ್ಪಂಜು. ಬಲಕ್ಕೆ ನಮ್ಮ ಯಂತ್ರ, ಕರಿ ಬಣ್ಣ ಬಳಿದು ಮಿರಮಿರ ಮಿಂಚುತ್ತಿತ್ತು, ಸುತ್ತ ಕೆಂಪು ಹಗ್ಗ. ಆಮೇಲೆ ಅದರ ಹಿಂದಿನ ಗೋಡೆ ನೋಡಿದೆ. ಗಾರೆಯನ್ನೆಲ್ಲ ಕೆರೆದು ಹವಳದ ಕಲ್ಲು ಕಾಣುವಂತೆ ಮಾಡಿದ್ದರು. ಕಟ್ಟಡದ ಇತಿಹಾಸ ಕಾಣಲಿ ಎಂದು ಕೆರೆದದ್ದಂತೆ. ನಮ್ಮ ಇದ್ದಿಲಿನ ತೂಕಗಳೆಲ್ಲ ಆ ಗಾರೆಯ ಜೊತೆ ಕಸದ ಬುಟ್ಟಿಗೆ ಹೋಗಿವೆ. ಯಾರ ಇತಿಹಾಸ ಕಂಡರು ಇವರು ಎಂದು ಕೇಳಬೇಕೆನ್ನಿಸಿತು, ಯಾರನ್ನು ಕೇಳುವುದು?

ಈಮೇಲ್ ಹಾಕಿದೆ. ಮಗಳ ಹತ್ತಿರ ಇಂಗ್ಲಿಷ್ ತಿದ್ದಿಸಿದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡವನ್ನು ಎರವಲು ತಂದಂತೆ ಆಡುತ್ತಾಳೆ. ನಾನು ಬರೆದದ್ದನ್ನು ಓದಿ, "ಪಪ್ಪಾ, ಯೂ ಸೌಂಡ್ ಸೋ ಆ್ಯಂಗ್ರಿ," ಎಂದಳು. ಕೋಪ ಬಂದವನ ಕಾಗದ ಬೇರೆ ಹೇಗಿರಬೇಕು? ಅವಳು ಕೋಪವನ್ನೆಲ್ಲ ತೆಗೆದು, ದಯವಿಟ್ಟು ಮತ್ತು ಧನ್ಯವಾದ ತುಂಬಿಸಿ ಕಳಿಸಿದಳು. ಉತ್ತರ ಬರಲಿಲ್ಲ. ಮತ್ತೆ ಕಳಿಸಿದೆ. ನಿಮ್ಮ ಸಂದೇಶ ನಮಗೆ ಬಹಳ ಮುಖ್ಯ ಎಂದು ಕಂಪ್ಯೂಟರೇ ಕಳಿಸಿದ ಉತ್ತರ ಬಂತು. ಫೋನ್ ಮಾಡಿದರೆ ಹಾಡು. ಅಣ್ಣ ಮಾತ್ರ ದಿನಾ ಊಟದ ಹೊತ್ತಿಗೆ ನನ್ನ ಮುಖ ನೋಡುತ್ತಿದ್ದರು. ಬಾಯಿಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿಯಿತ್ತು.

ಕ್ಲಬ್ಬು ಮಾಡಿದ್ದು ಅರಬಾಬರ ಮೊಮ್ಮಗಳು. ಚಿಕ್ಕವಳಿದ್ದಾಗ ಗೋದಾಮಿಗೆ ಬಂದರೆ ಒಣನಿಂಬೆಯ ಚೀಲಕ್ಕೆ ಕೈ ಹಾಕಿ, ಅಣ್ಣನ ಹತ್ತಿರ ಗದರಿಸಿಕೊಂಡು ಓಡುತ್ತಿದ್ದ ಹುಡುಗಿ. ಲಂಡನ್ನಿನಲ್ಲಿ ಓದಿ ಬಂದಿದ್ದಳು. ಟುಬ್ಲಿಯ ಆಫೀಸಿನಲ್ಲಿ ಅವಳ ನಂಬರು ಹುಡುಕಿಸಿ ನೇರ ಅವಳಿಗೇ ಫೋನ್ ಮಾಡಿದೆ. ಎಷ್ಟು ಒಳ್ಳೆಯ ಹುಡುಗಿ ಎಂದರೆ, ನನ್ನ ಧ್ವನಿ ಕೇಳಿ ಕೂಗಿಯೇಬಿಟ್ಟಳು. ಅಂಕಲ್, ಖಂಡಿತ ಕರೆದುಕೊಂಡು ಬನ್ನಿ, ಅವರಿಲ್ಲದೆ ಆ ಗೋದಾಮು ಏನು, ಅಜ್ಜನಿಗೆ ಅವರೆಂದರೆ ಎಷ್ಟು ಪ್ರೀತಿ ಎಂದಳು. ಮರುದಿನ ಮ್ಯಾನೇಜರನಿಗೆ ಫೋನ್ ಮಾಡಿದರೆ, "ಮೇಡಂ ಹೇಳಿದಾರೆ ಸರ್, ಬಟ್ ಕ್ಯಾಲೆಂಡರ್ ಫುಲ್ ಇದೆ," ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಅವನು ಕೊಟ್ಟ ದಿನ ಅಣ್ಣನ ವಿಮಾನ ಹೋಗಿ ಒಂದು ವಾರ ಆದ ಮೇಲಿನದ್ದು. ಊಟಕ್ಕಿಲ್ಲದ ಉಪ್ಪಿನಕಾಯಿಯನ್ನು ನೆಕ್ಕುವುದು ಯಾವಾಗ ಎಂದು ನಾನು ಫೋನಿನಲ್ಲೇ ರೇಗಿದೆ. ಅವನಿಗೆ ಗಾದೆ ತಿಳಿಯಲಿಲ್ಲ, ರೇಗಿದ್ದು ತಿಳಿಯಿತು. ಮತ್ತೆ ಮೊಮ್ಮಗಳ ತನಕ ಹೋಗಿ, ಕೊನೆಗೆ ಅಣ್ಣ ಹೊರಡುವ ಎರಡು ದಿನ ಮುಂಚೆ, ಸಂಜೆ, ಅವರದ್ದೇ ಒಂದು ಕಾರ್ಯಕ್ರಮದ ನಡುವೆ ಜಾಗ ಮಾಡಿಕೊಟ್ಟರು. ಗೋದಾಮಿನ ನೆನಪುಗಳು ಎಂದು ಕಾರ್ಯಕ್ರಮ. ನೆನಪಿರುವ ನಮ್ಮನ್ನು ಅದಕ್ಕೆ ಕರೆಯಬೇಕೆಂದು ಅವರಿಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಸೇತುವೆ ದಾಟಿ ಮುಹರ್ರಕ್‌ಗೆ ಹೋದೆವು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಿದ್ದರಂತೆ, ಸಕ್ಕರೆ ಕಾಯಿಲೆಯವರು. ಬಸ್ಸಿನಲ್ಲಿ ನೀರಿನ ಬಾಟಲಿ ಖಾಲಿ ಮಾಡಿದರು. ನಾನು ನೋಡಿದ್ದನ್ನು ನೋಡಿ ಕಳ್ಳನಗೆ ನಕ್ಕರು. ಓಣಿಗೆ ತಿರುಗಿದ ಮೇಲೆ ಅವರ ಹೆಜ್ಜೆ ಬಿರುಸಾಯಿತು, ನಾನೇ ಹಿಂದೆ ಬಿದ್ದೆ.

ಬಾಗಿಲಲ್ಲಿ ಅಣ್ಣ ರೂಢಿಯಂತೆ ಚಪ್ಪಲಿ ಬಿಟ್ಟರು. ತೂಕದ ಹಲಗೆಯನ್ನು ಚಪ್ಪಲಿ ಕಾಲಲ್ಲಿ ಅವರು ಯಾವತ್ತೂ ತುಳಿದವರಲ್ಲ, ಅನ್ನ ಇಡುವ ಜಾಗ ಅದು ಎನ್ನುತ್ತಿದ್ದರು. ಮ್ಯಾನೇಜರ್ ಓಡಿ ಬಂದು, "ಸರ್ ಪ್ಲೀಸ್, ಫುಟ್‌ವೇರ್ ಹಾಕ್ಕೊಳ್ಳಿ, ಫೋಟೋ ತೆಗೀತಾರೆ," ಎಂದ. ಅಣ್ಣ ಹಾಕಿಕೊಂಡರು. ನನಗೆ ಅಲ್ಲಿಂದಲೇ ಹಲ್ಲು ಕಡಿಯುವಂತಾಯಿತು. ಒಳಗೆ ಚಂದದ ಜನ, ಚಂದದ ಬಟ್ಟೆ, ಕೈಯಲ್ಲಿ ಕಾಫಿ. ಮೊಮ್ಮಗಳು ಬಂದು ಅಣ್ಣನ ಎರಡೂ ಕೈ ಹಿಡಿದುಕೊಂಡು ಎಲ್ಲರಿಗೂ ಪರಿಚಯ ಮಾಡಿದಳು. ಈ ಯಂತ್ರವನ್ನು ನಡೆಸುತ್ತಿದ್ದವರು ಇವರು, ಊರಿಗೆ ಹೋಗುವವರನ್ನು ತೂಗುವ ಒಂದು ಸುಂದರ ಸಂಪ್ರದಾಯ ಇಲ್ಲಿ ಇತ್ತು, ಇವತ್ತು ಇವರ ಸರದಿ ಎಂದು ಹೇಳಿದಳು. ಎಲ್ಲ ಸರಿಯಾಗಿಯೇ ಹೇಳಿದಳು. ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಮ್ಯಾನೇಜರ್ ಕೆಂಪು ಹಗ್ಗ ಬಿಚ್ಚಿದ.

ಅಣ್ಣ ಹಲಗೆಯ ಮುಂದೆ ಹೋಗಿ ಯಾರನ್ನೂ ಕೇಳದೆ ಮತ್ತೆ ಚಪ್ಪಲಿ ಬಿಟ್ಟರು. ಜೇಬಿನಿಂದ ಫೋನು, ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟರು. ಹತ್ತಿ, ಬಾಗಿಲ ಕಡೆ ಮುಖ ಮಾಡಿ ನಿಂತರು. ಅರಬಾಬರಿಲ್ಲದ ಮೇಲೆ ಗುಂಡು ಸರಿಸುವವನು ನಾನೇ. ನಾನು ಹೋಗಿ ಗುಂಡಿಗೆ ಕೈ ಹಾಕಿದೆ. ಗುಂಡು ಜರುಗಲಿಲ್ಲ. ತುಕ್ಕಿರಬೇಕೆಂದು ಬಲ ಹಾಕಿದೆ. ಆಗ ಕಂಡಿತು. ಗುಂಡಿನ ಕೆಳಗೆ, ಸಲಾಕೆಯ ತುದಿಯಲ್ಲಿ, ಹಲಗೆಯ ನಾಲ್ಕೂ ಮೂಲೆಗೆ ಬೆಸುಗೆ ಹಾಕಿಬಿಟ್ಟಿದ್ದರು. ಮೇಲೆ ಕರಿ ಬಣ್ಣ ಬಳಿದಿದ್ದರಿಂದ ದೂರಕ್ಕೆ ಗೊತ್ತಾಗುತ್ತಿರಲಿಲ್ಲ. ಸಲಾಕೆ ಸೊನ್ನೆಯಲ್ಲಿ ಸಮವಾಗಿ, ಕಲ್ಲಿನಂತೆ ನಿಂತಿತ್ತು. ಮನುಷ್ಯ ಮೇಲೆ ನಿಂತದ್ದು ಅದಕ್ಕೆ ಗೊತ್ತೇ ಇಲ್ಲ.

ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟಿದರು. ಫೋನುಗಳೆಲ್ಲ ಮೇಲೆದ್ದವು. ತೂಕ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ! ಹತ್ತಿ ನಿಂತದ್ದೇ ಸಾಕಾಗಿತ್ತು ಅವರಿಗೆ. ಅಣ್ಣ ಬಾಗಿಲ ಕಡೆಯೇ ನೋಡುತ್ತ ಕೂಗಿಗೆ ಕಾಯುತ್ತಿದ್ದರು. ನಾನು ಬಗ್ಗಿ ಅವರ ಕಿವಿಯಲ್ಲಿ, "ಬೆಸುಗೆ ಹಾಕಿದ್ದಾರೆ ಅಣ್ಣ," ಎಂದೆ. ಅವರು ತಿರುಗಿ ಸಲಾಕೆ ನೋಡಿದರು. ಒಂದು ಬೆರಳಿನಿಂದ ಗುಂಡನ್ನು ಮುಟ್ಟಿದರು. ಆಮೇಲೆ ಇಳಿದು ಚಪ್ಪಲಿ ಹಾಕಿಕೊಂಡರು.

ನಾನು ಮ್ಯಾನೇಜರನ ಮೇಲೆ ಹರಿಹಾಯ್ದೆ. ಕನ್ನಡದಲ್ಲಿ, ಹಿಂದಿಯಲ್ಲಿ, ಬಂದಷ್ಟು ಅರಬ್ಬಿಯಲ್ಲಿ. ಇದು ನಡೆಯುವುದಿಲ್ಲ ಎಂದು ಮೊದಲೇ ಹೇಳಲಿಕ್ಕೆ ಏನು ಧಾಡಿ ನಿನಗೆ, ಇಷ್ಟು ದಿನ ಈಮೇಲ್ ಬರೆಸಿದಿಯಲ್ಲ ಎಂದು ಕೂಗಿದೆ. "ಸೇಫ್ಟಿ ಸರ್, ಮಕ್ಕಳ ಬೆರಳು ಸಿಕ್ಕಿಹಾಕ್ಕೊಳತ್ತೆ ಅಂತ ಕಾಂಟ್ರ್ಯಾಕ್ಟರ್ ಮಾಡಿರೋದು, ನಂಗೂ ಗೊತ್ತಿರಲಿಲ್ಲ," ಎಂದ. ಬಿಳಿಚಿಕೊಂಡಿದ್ದ, ಸುಳ್ಳು ಹೇಳುವವನ ಮುಖವಲ್ಲ ಅದು. ಮೊಮ್ಮಗಳು ತಲೆ ತಗ್ಗಿಸಿ ಎರಡು ಮೂರು ಸಲ ಕ್ಷಮೆ ಕೇಳಿದಳು, ಯಂತ್ರವನ್ನು ಬಿಚ್ಚಿಸಿ ಸರಿಮಾಡಿಸುತ್ತೇನೆ ಎಂದಳು. ಯಾವಾಗ? ಅಣ್ಣ ನಾಡಿದ್ದು ವಿಮಾನದಲ್ಲಿರುತ್ತಾರೆ. ಬೈಯಲು ಸರಿಯಾದ ಒಬ್ಬ ಕೆಟ್ಟವನೂ ನನಗೆ ಅಲ್ಲಿ ಸಿಗಲಿಲ್ಲ. ಕೈಲಾಗದವನು ಮೈ ಪರಚಿಕೊಂಡ ಎಂಬ ಹಾಗೆ, ಸ್ಪಂಜು ತುಂಬಿದ ಗೋಣಿಚೀಲಕ್ಕೆ ಒಂದು ಒದ್ದು ಹೊರಗೆ ಬಂದೆ. ಅಣ್ಣ ಮಾತ್ರ ಅವರು ಕೊಟ್ಟ ಕಾಫಿಯನ್ನು ನಿಂತು ಪೂರ್ತಿ ಕುಡಿದು, ಎಲ್ಲರಿಗೂ ಕೈಮುಗಿದೇ ಬಂದರು.

ಬಸ್ಸಿನಲ್ಲಿ ನಾನು ಬೈಯುತ್ತಲೇ ಇದ್ದೆ. ಅಣ್ಣ ಒಂದೇ ಮಾತು ಹೇಳಿದರು. "ಬಿಡಿ ಮಾರಾಯ್ರೆ. ಹುಡುಗಿ ಅಜ್ಜನ ಗೋದಾಮನ್ನು ಕೆಡವದೆ ಇಟ್ಕೊಂಡಿದ್ದಾಳಲ್ಲ. ಪಾರ್ಕಿಂಗ್ ಮಾಡಿದ್ರೆ ಎಂಥ ಮಾಡ್ತಿದ್ರಿ?" ಆ ಮಾತು ಸರಿಯೇ ಇರಬಹುದು. ನನ್ನ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಮರುದಿನ ಅಣ್ಣನ ಕಾರ್ಗೋ ಹಾಕುವುದಿತ್ತು. ಗಲ್ಫ್ ಬಿಟ್ಟು ಹೋಗುವವರೆಲ್ಲ ಒಂದು ರಟ್ಟಿನ ಪೆಟ್ಟಿಗೆ ತುಂಬಿಸಿ ಮುಂದಾಗಿ ಕಳಿಸುತ್ತಾರೆ. ಕಂಬಳಿ, ಸೋಪು, ಹಾಲಿನ ಪುಡಿ, ಬಾದಾಮಿ. ಪೆಟ್ಟಿಗೆಗೆ ಹಗ್ಗ ಬಿಗಿದು, ನಾಲ್ಕೂ ಮೈಗೆ ದಪ್ಪ ಅಕ್ಷರದಲ್ಲಿ ಊರು ಮನೆ ಬರೆದು, ಟ್ಯಾಕ್ಸಿಯಲ್ಲಿ ಹಾಕಿಕೊಂಡು ಮನಾಮಾದ ಓಣಿಯ ಕಾರ್ಗೋ ಅಂಗಡಿಗೆ ಹೋದೆವು. ಅಂಗಡಿಯ ಮಲಯಾಳಿ ಪೆಟ್ಟಿಗೆಯನ್ನು ತೂಕದ ಮೇಲೆ ಇರಿಸಿದ. ನೆಲಕ್ಕಿಂತ ಒಂದು ಗೇಣು ಎತ್ತರದ ಕಬ್ಬಿಣದ ಹಲಗೆ, ತಲೆಯ ಕಡೆ ಒಂದು ಕಂಬ, ಕಂಬದ ಮೇಲೆ ಕೆಂಪು ಅಂಕಿ. ಅಂಕಿ ನೋಡಿ ಬರೆದುಕೊಂಡು ಪೆಟ್ಟಿಗೆ ಇಳಿಸಿ, ಟೇಪು ತರಲು ಒಳಗೆ ಹೋದ.

ಅಣ್ಣ ಖಾಲಿ ಹಲಗೆಯನ್ನು ನೋಡಿದರು. ನನ್ನನ್ನು ನೋಡಿದರು. ಚಪ್ಪಲಿ ಬಿಟ್ಟರು.

"ಇದು ಸಾಮಾನು ತೂಗುವುದು ಅಣ್ಣ," ಎಂದೆ.

"ಅಲ್ಲಿ ತೂಗಿದ್ದು ಮತ್ತೆಂಥ? ಅದೂ ಸಾಮಾನಿನದ್ದೇ."

ಹತ್ತಿ, ರಸ್ತೆಯ ಕಡೆ ಮುಖ ಮಾಡಿ ನೆಟ್ಟಗೆ ನಿಂತರು. ಕೆಂಪು ಅಂಕಿ ಓಡಿ ಓಡಿ ಐವತ್ತೊಂದಕ್ಕೆ ನಿಂತಿತು. ನಾನು ಯೋಚಿಸಲಿಲ್ಲ. ನನ್ನ ಬಲಗಾಲು ತಾನೇ ಎದ್ದು ಹಲಗೆಯ ಮೂಲೆಯ ಮೇಲೆ ಹೋಯಿತು. ಒಂದಿಷ್ಟು ಭಾರ ಬಿಟ್ಟೆ. ಐವತ್ತೆರಡು, ಐವತ್ಮೂರು. ಇನ್ನೊಂದಿಷ್ಟು. ಐವತ್ತೈದು.

"ಐವತ್ತೈದು ಅಣ್ಣ," ಎಂದೆ. ನನ್ನ ಧ್ವನಿ ನನಗೇ ಸುಳ್ಳಾಗಿ ಕೇಳಿತು.

ಅವರು ತಿರುಗಲಿಲ್ಲ. "ಕಾಲು ತೆಗೀರಿ ಮಾರಾಯ್ರೆ," ಎಂದರು.

ನಾನು ಕಾಲು ತೆಗೆದೆ.

"ಅರಬಾಬರು ಇಟ್ಟದ್ದೂ ಗೊತ್ತಿತ್ತು ನಂಗೆ. ಜೀವಮಾನ ಹಲಗೆ ಕಾಯ್ದವನಿಗೆ ಕಾಲಡಿಯಲ್ಲಿ ಗೊತ್ತಾಗುದಿಲ್ವಾ? ಅವರು ಯಜಮಾನರು, ಪ್ರೀತಿಯಲ್ಲಿ ಇಟ್ರು, ತೆಗೀರಿ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನಿಮಗೆ ಹೇಳಬಹುದು."

ಆಮೇಲೆ ಅವರು ಕತ್ತು ಹೊರಳಿಸಿ ಅಂಕಿ ನೋಡಿಕೊಂಡರು. ಮತ್ತೆ ರಸ್ತೆಯ ಕಡೆ ತಿರುಗಿ, ಎದೆಯುಬ್ಬಿಸಿ, ಗೋದಾಮಿನಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿದರು. "ವಾಹಿದ್ ಉ ಖಮ್ಸೀನ್!" ಐವತ್ತೊಂದು. ಓಣಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಟೇಪು ಹಿಡಿದು ಬಂದ ಮಲಯಾಳಿ ಬಾಗಿಲಲ್ಲೇ ನಿಂತ.

ಈಗ ನಾನು ತಿರುಗಿ ಕೂಗಬೇಕು. ಕೂಗಿದರೆ ತೂಕ ಇತ್ಯರ್ಥ. ಬಂದದ್ದಕ್ಕಿಂತ ಮೂರು ಕಿಲೋ ಕಮ್ಮಿಯಾಗಿ ಅವರು ಊರಿಗೆ ಹೋಗುತ್ತಿದ್ದಾರೆ ಎಂಬುದು ಇತ್ಯರ್ಥ. ಮಲಯಾಳಿಯ ಮೇಲೆ, ಆ ಕೆಂಪು ಅಂಕಿಯ ಮೇಲೆ, ಬೆಸುಗೆ ಹಾಕಿದ ಆ ಕಾಣದ ಕಾಂಟ್ರ್ಯಾಕ್ಟರನ ಮೇಲೆ ಸಿಟ್ಟು ಉಕ್ಕಿ ಬಂತು, ಧ್ವನಿ ಮಾತ್ರ ಬರಲಿಲ್ಲ. ಅಣ್ಣ ಹಲಗೆಯಿಂದ ಇಳಿಯಲಿಲ್ಲ. ಗುಮಾಸ್ತನ ಕೂಗು ಬಾರದೆ ಇಳಿಯುವುದು ಅವರಿಗೆ ಗೊತ್ತಿಲ್ಲ. ಬರಿಗಾಲಲ್ಲಿ, ಇಸ್ತ್ರಿ ಅಂಗಿಯಲ್ಲಿ, ರಸ್ತೆ ನೋಡುತ್ತ ಕಾಯುತ್ತಲೇ ನಿಂತರು.

"ವಾಹಿದ್ ಉ ಖಮ್ಸೀನ್," ಎಂದೆ ಕೊನೆಗೆ.

"ಕೇಳ್ಲಿಲ್ಲ," ಎಂದರು ಅಣ್ಣ.

ನಾನು ಕೂಗಿದೆ. ಅವರು ಇಳಿದು ಚಪ್ಪಲಿ ಹಾಕಿಕೊಂಡರು.